ಬೀಡಿ ಹೊಗೆ ಹೊರಬಂದ ಜಾಗ

ರಬ್ಬರ್ ಪೈಪಿನ ಒಂದು ತುದಿ ಮೆಕ್ಯಾನಿಕ್ ಉಸ್ತಾದರ ಬಲಗಿವಿಯಲ್ಲಿತ್ತು. ಇನ್ನೊಂದು ತುದಿಯನ್ನು ಓಡುತ್ತಿದ್ದ ನನ್ನ ಕಾರಿನ ಎಂಜಿನ್ ಮೇಲೆ ಮೆಲ್ಲಗೆ ಆಡಿಸುತ್ತಿದ್ದರು. ಎಡಗಿವಿ ಅವರಿಗೆ ಕೇಳುತ್ತಿರಲಿಲ್ಲ. ಆ ಕಿವಿಯ ಮೇಲೆ ಸದಾ ಒಂದು ಬೀಡಿ ಇರುತ್ತಿತ್ತು. ಆ ಬೀಡಿಯ ವಿಷಯಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಏನೋ ಕೇಳಲು ಬಾಯಿ ತೆರೆದೆ.

“ಬಾಯ್ ಮುಚ್ಕೊಂಡ್ ನಿಂತ್ಕೊಳಯ್ಯ. ನಿನ್ ಉಸಿರೇ ಕೇಳಿಸ್ತಾ ಇದೆ, ಕಾರಿಂದು ಕೇಳಿಸ್ತಾ ಇಲ್ಲ.”

ಪೈಪು ಒಂದು ಕಡೆ ನಿಂತಿತು. ಬೆರಳಿನಷ್ಟು ದಪ್ಪದ ಕೊಳವೆಯೊಂದನ್ನು ಬಗ್ಗಿಸಿ ತೋರಿಸಿದರು. ಬಗ್ಗಿಸಿದರೆ ಮಾತ್ರ ಕಾಣುವ ಬಿರುಕು. ಅದರ ಮೇಲೆ ಹೆಬ್ಬೆರಳು ಒತ್ತಿದರು. ಎರಡು ತಿಂಗಳಿಂದ ಏರಿ ಇಳಿದು ಆಡುತ್ತಿದ್ದ ಎಂಜಿನ್ ಒಂದೇ ಸಮ ಓಡತೊಡಗಿತು. ಅದಕ್ಕೂ ಮೊದಲು ಎರಡು ದೊಡ್ಡ ಗ್ಯಾರೇಜಿನವರು ಲ್ಯಾಪ್‌ಟಾಪ್ ಸಿಕ್ಕಿಸಿ, ಸೆನ್ಸರ್ ಬದಲಾಯಿಸಿ, ಕೈ ಚೆಲ್ಲಿದ್ದರು.

ಅವರದು ಗೊರಗುಂಟೆಪಾಳ್ಯದಲ್ಲಿ ಲಾರಿ ಆಫೀಸುಗಳ ಹಿಂದಿನ ತಗಡಿನ ಶೆಡ್ಡು. ಬೋರ್ಡ್ ಇರಲಿಲ್ಲ. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನ ಹೆಸರು ಕೇಳಲಿಲ್ಲ, ಊರು ಕೇಳಿದರು. ಅಂದಿನಿಂದ ನಾನು ‘ಕೊಡಿಗೇಹಳ್ಳಿ’.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನೀರಿನ ಟ್ಯಾಂಕರ್ ಓಡಿಸುತ್ತೇನೆ. ಯಾರೋ ಓಡಿಸಿ ಸಾಕಾಗಿ ಬಿಟ್ಟ ಟರ್ಬೋ ಕಾರನ್ನು ಆಸೆಪಟ್ಟು ತಂದಿದ್ದೆ. ಬೆಳಿಗ್ಗೆ ಏರ್‌ಪೋರ್ಟ್ ರಸ್ತೆಯಲ್ಲಿ ಅದರ ಆಕ್ಸಿಲರೇಟರ್ ತುಳಿಯುವುದು ಬಿಟ್ಟರೆ ನನಗೆ ಬೇರೆ ಖುಷಿ ಇರಲಿಲ್ಲ.

ಉಸ್ತಾದ್ ಬಾಯಲ್ಲಿ ವಿವರಿಸುವುದು ಕಡಿಮೆ. ಒಂದು ದಿನ ಎಂಜಿನ್ ಓಡುತ್ತಿದ್ದಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ತೂತಿನ ಮೇಲೆ ಕತ್ತರಿಸಿದ ಹಾಲಿನ ಪ್ಯಾಕೆಟ್ ಹಾಸಿದರು.

“ಏನಾಯ್ತು?”

“ಒಳಕ್ಕೆ ಎಳ್ಕೊಳ್ತು, ಉಸ್ತಾದ್.”

“ಎಷ್ಟೇ ಒಳ್ಳೆ ಎಂಜಿನ್ ಆಗ್ಲಿ, ಪಿಸ್ಟನ್ ಪಕ್ಕದಿಂದ ಒಂಚೂರು ಗ್ಯಾಸು ಕೆಳಕ್ಕೆ ಇಳಿಯುತ್ತೆ. ಈ ಪೈಪು ಅದನ್ನ ಎಳ್ಕೊಂಡು ವಾಪಸ್ ಸುಡೋಕೆ ಕಳಿಸುತ್ತೆ. ಪ್ಯಾಕೆಟ್ಟು ಉಬ್ಬಿದ್ರೆ ಈ ಪೈಪು ಮುಚ್ಕೊಂಡು ಎಂಜಿನ್ ಹೊಟ್ಟೆ ಕಟ್ಕೊಂಡಿದೆ ಅಂತ. ಆವಾಗ ಶೋಕಿ ಮಾಡ್ಬೇಡ, ಸೀದಾ ನನ್ ಹತ್ರ ಬಾ.”

ಬಿರುಕು ಬಿಟ್ಟ ಪೈಪುಗಳನ್ನು ಅವರು ಎಸೆಯುತ್ತಿರಲಿಲ್ಲ. ಗೋಡೆಯ ಮೇಲೆ ತಂತಿಗೆ ಪೋಣಿಸಿ ತೂಗುಹಾಕಿದ್ದರು. ಇಷ್ಟು ಸಣ್ಣ ಪೈಪಿಂದ ಇಷ್ಟೆಲ್ಲಾ ಆಗುತ್ತಾ ಎಂದು ಯಾರಾದರೂ ಕೇಳಿದರೆ ಆ ಕಡೆ ಕೈ ತೋರಿಸಿ ಕೆಲಸಕ್ಕೆ ತಲೆ ಬಗ್ಗಿಸುತ್ತಿದ್ದರು. ಕಿವಿಗೂ ಸಿಗದ ಬಿರುಕಾದರೆ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬೀಡಿ ಹಚ್ಚುತ್ತಿದ್ದರು. ದೂರ ನಿಂತು ದಮ್ಮು ಎಳೆದು, ಬಂದು ಪೈಪಿನೊಳಗೆ ಊದುವುದು. ಹೊಗೆ ಎಲ್ಲಿ ಹೊರಬರುತ್ತದೋ ಅಲ್ಲಿ ಬಿರುಕು. “ನಾನೆಲ್ಲಯ್ಯ ಬೀಡಿ ಸೇದ್ತೀನಿ, ಸೇದೋದು ಕಾರು” ಎಂದು ನಗುತ್ತಿದ್ದರು. ಸುಳ್ಳು. ಕಾರಿಲ್ಲದಾಗಲೂ ಸೇದುತ್ತಿದ್ದರು.

ಆಮೇಲೊಮ್ಮೆ ನನ್ನ ಕಾರಿನ ಗಾಳಿ ಎಳೆಯುವ ಪೈಪಿನಲ್ಲಿ ಆಯಿಲ್ ಜಿಡ್ಡು ಕಂಡಿತು. ಗೆಳೆಯನೊಬ್ಬ, “ಮಗಾ, ಆಯಿಲ್ ಬರೋ ಪೈಪೇ ಬ್ಲಾಕ್ ಮಾಡು, ಮುಗೀತು” ಎಂದ. ಉಸ್ತಾದ್ ಹೇಳಿಕೊಟ್ಟದ್ದು ಗೊತ್ತಿದ್ದೂ, ಗ್ಯಾಸು ವಾಪಸ್ ಎಳೆಯುವ ಆ ಪೈಪಿಗೇ ಬೋಲ್ಟ್ ತುರುಕಿ ಕ್ಲಿಪ್ ಬಿಗಿದೆ. ಮೂರನೇ ದಿನ ಹೆಬ್ಬಾಳದ ಹತ್ತಿರ ಜೋರಾಗಿ ತುಳಿದೆ. ದಾರಿ ಸಿಗದ ಗ್ಯಾಸಿನ ಒತ್ತಡಕ್ಕೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಹಾರಿತು, ಆಯಿಲ್ ಸೀಲ್ ಕಿತ್ತುಕೊಂಡಿತು. ಹಿಂದಿನ ಗಾಡಿಗಳು ಕಾಣದಷ್ಟು ಹೊಗೆ. ಕಾರನ್ನು ಕಟ್ಟಿ ಎಳೆಸಿಕೊಂಡು ಗೊರಗುಂಟೆಪಾಳ್ಯಕ್ಕೆ ಹೋದೆ.

ಮೂರು ತಿಂಗಳಾಗಿತ್ತು ನಾನು ಆ ಕಡೆ ಹೋಗಿ. ಉಸ್ತಾದ್ ಅರ್ಧ ಆಗಿದ್ದರು. ಕಿವಿಯ ಮೇಲೆ ಬೀಡಿ ಇರಲಿಲ್ಲ. ಪಕ್ಕದಲ್ಲಿ ಅವರ ಹೆಂಡತಿ ಸ್ಟೂಲ್ ಹಾಕಿಕೊಂಡು ಕೂತಿದ್ದರು.

“ಶ್ವಾಸಕೋಶ ಹೋಗಿದೆ ಅಂದವ್ರೆ ಕಣಪ್ಪ. ಇನ್ನೊಂದು ಬೀಡಿ ಮುಟ್ಟಿದ್ರೆ ಆಸ್ಪತ್ರೆ ಕಡೆ ತಲೆ ಹಾಕ್ಬೇಡಿ ಅಂದ್ರು ಡಾಕ್ಟ್ರು. ಅದಕ್ಕೇ ಕಾವಲು ಕೂತಿದೀನಿ.”

ಉಸ್ತಾದ್ ಎದ್ದು ಬಂದು ಬೋಲ್ಟ್ ಕಿತ್ತು ತಿರುಗಿಸಿ ನೋಡಿದರು.

“ಯಾವನು ಹಾಕಿದ್ದು ಇದನ್ನ?”

“ಯಾವ್ದೋ ಗ್ಯಾರೇಜಲ್ಲಿ, ಉಸ್ತಾದ್.”

“ಗ್ಯಾರೇಜ್‌ನೋನು ನೀರಿನ ಟ್ಯಾಂಕರ್ ಬೋಲ್ಟ್ ಹಾಕ್ತಾನೇನೋ ಕೊಡಿಗೇಹಳ್ಳಿ?”

ಅವರು ಬೈಯಲಿಲ್ಲ. ಬೈಯಲು ಉಸಿರು ಸಾಲುತ್ತಿರಲಿಲ್ಲ.

ಶೆಡ್ಡಿನ ಕೆಲಸದವನು ಎರಡು ದಿನದಲ್ಲಿ ಸೀಲ್ ಹಾಕಿದ. ಆದರೂ ಎಂಜಿನ್ ಏರಿ ಇಳಿದು ಆಡುತ್ತಿತ್ತು. ಉಸ್ತಾದ್ ಕಿವಿಗೆ ಪೈಪ್ ಇಟ್ಟು ನೋಡಿದರು, ಸಿಗಲಿಲ್ಲ.

“ಒತ್ತಡಕ್ಕೆ ಕೆಳಗೆಲ್ಲೋ ಇನ್ನೊಂದು ಪೈಪು ಸೀಳಿದೆ. ಹೊಗೆ ಬೇಕು. ಯಶವಂತಪುರದಲ್ಲಿ ಒಬ್ಬನ ಹತ್ರ ಹೊಗೆ ಬಿಡೋ ಮಿಷಿನ್ ಇದೆ. ಸೋಮವಾರ ಕೊಡ್ತಾನೆ.”

ಅಂದು ಶನಿವಾರ. ಮಾರನೇ ದಿನ ಗೆಳೆಯರ ಜೊತೆ ಹೆಸರಘಟ್ಟಕ್ಕೆ ಹೋಗುವುದಿತ್ತು. ಕಾರು ತರುತ್ತೇನೆ ಎಂದು ಎಲ್ಲರ ಮುಂದೆ ಹೇಳಿದ್ದೆ. ಮಧ್ಯಾಹ್ನ ಅವರ ಹೆಂಡತಿ ಗಂಜಿ ತರಲು ಮನೆಗೆ ಹೊರಟರು. ಕೆಲಸದವನು ಊಟಕ್ಕೆ ಹೋಗಿದ್ದ. ಆಕೆ ತಿರುವು ದಾಟುವವರೆಗೆ ನೋಡಿ, ನಾನು ಪೆಟ್ಟಿಗೆ ಅಂಗಡಿಗೆ ಹೋಗಿ ಬೀಡಿ ತಂದೆ.

“ಉಸ್ತಾದ್, ಒಂದೇ ಒಂದು.”

ಅವರು ನನ್ನ ಕೈ ನೋಡಿದರು. “ನೀನೇ ಊದು. ನಾನು ನೋಡ್ತೀನಿ.”

“ನಂಗೆ ಸೇದೋಕೆ ಬರಲ್ಲ ಉಸ್ತಾದ್” ಎಂದೆ. ಬರುತ್ತಿರಲಿಲ್ಲ, ನಿಜ. ಆದರೆ ನಾನು ಪ್ರಯತ್ನವನ್ನೂ ಮಾಡಲಿಲ್ಲ.

ಒಂದು ಸಾಲಲಿಲ್ಲ. ಮೂರು ಬೀಡಿ ಆದವು. ಮೂರನೆಯದಕ್ಕೆ ಎಂಜಿನ್ ಕೆಳಗಿಂದ ನೂಲಿನಂತೆ ಹೊಗೆ ಎದ್ದಿತು. “ಅಲ್ಲಿ ನೋಡು ಅಲ್ಲಿ!” ಎಂದರು. ಅವರ ಮುಖ ಮೊದಲಿನಂತಾಗಿತ್ತು. ಆಮೇಲೆ ಕೆಮ್ಮು ಹಿಡಿಯಿತು. ಬಾನೆಟ್ ಹಿಡಿದು ಕೆಳಗೆ ಕೂತರು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಗಂಜಿಯ ಡಬ್ಬಿ ಹಿಡಿದು ಬಂದ ಹೆಂಡತಿಗೆ ಬಾಗಿಲಲ್ಲೇ ವಾಸನೆ ಗೊತ್ತಾಯಿತು. ನನ್ನನ್ನು ನೋಡಿದರು.

“ಕಾರು ಸರಿಹೋಯ್ತೇನಪ್ಪ?”

“ಹೂಂ ಅಕ್ಕಾ” ಎಂದೆ.

ಸಂಜೆಗೆ ಕೆಲಸದವನು ಹೊಸ ಪೈಪು ಹಾಕಿದ. ಉಸ್ತಾದ್ ಗೋಡೆಗೆ ಒರಗಿಕೊಂಡೇ ಕ್ಲಿಪ್ ಎಷ್ಟು ಬಿಗಿಯಬೇಕು ಎಂದು ಬೆರಳಲ್ಲಿ ತೋರಿಸಿದರು. ಮಾರನೇ ದಿನ ಹೆಸರಘಟ್ಟಕ್ಕೆ ಹೋದೆವು. ಕಾರು ಚೆನ್ನಾಗಿ ಓಡಿತು.

ಮುಂದಿನ ತಿಂಗಳು ಉಸ್ತಾದ್ ತೀರಿಕೊಂಡರು. ಮನೆಯ ಮುಂದಿನ ರಸ್ತೆವರೆಗೆ ಹೋದೆ, ಒಳಗೆ ಹೋಗಲಾಗಲಿಲ್ಲ. ಮೂರು ಬೀಡಿಗೆ ಯಾರೂ ಸಾಯಲ್ಲ, ಶ್ವಾಸಕೋಶ ಮೊದಲೇ ಹೋಗಿತ್ತು ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ತಂದುಕೊಟ್ಟವನು ನಾನು.

ಆ ಪೈಪು ಈವರೆಗೆ ಸೋರಿಲ್ಲ. ಆಗಾಗ ಮುಚ್ಚಳ ತೆಗೆದು ಹಾಲಿನ ಪ್ಯಾಕೆಟ್ ಹಾಸಿ ನೋಡುತ್ತೇನೆ. ಒಳಕ್ಕೆ ಎಳೆದುಕೊಳ್ಳುತ್ತದೆ. ಮುಚ್ಚಳ ಹಾಕುತ್ತೇನೆ.

ಅಷ್ಟೇ. ಹೇಳಲು ನನ್ನ ಹತ್ತಿರ ಇನ್ನೇನೂ ಇಲ್ಲ.