ಕ್ಯಾಮೆರಾಕ್ಕೂ ಕುಂಕುಮ

…ಅಥವಾ ನಿರ್ದೇಶಕರು ನಾಲ್ವರಲ್ಲ, ಮೂವರೇ ಇದ್ದರೇನೋ. ಗೋಡೆಯ ಟಿವಿಯಲ್ಲಿ ಸಾಲಾಗಿ ನಿಂತಿದ್ದ ಕಪ್ಪು ಕೋಟುಗಳು ಮಾತ್ರ ನೆನಪಿವೆ. ಕೋಟುಗಳ ಮೇಲೆ ತಲೆಗಳನ್ನು ನಾನು ಆಮೇಲೆ ಜೋಡಿಸಿಕೊಂಡಿರಬಹುದು. ಚೆನ್ನೈನ ಪೆರುಂಗುಡಿಯ ನಮ್ಮ ಆಫೀಸಿನಲ್ಲಿ ಈ ಪ್ರಸಂಗವನ್ನು ಹೊಸದಾಗಿ ಸೇರಿದವರಿಗೆಲ್ಲ ‘ನಂಬಿಕೆ ಮತ್ತು ಸಹಯೋಗ’ ಎಂಬ ತರಬೇತಿಯಲ್ಲಿ ಸ್ಲೈಡು ಹಾಕಿ ಹೇಳುತ್ತಾರೆ. ಸ್ಲೈಡಿನಲ್ಲಿ ಕಡಲಿನ ಆಚೆಯವರೂ ಈಚೆಯವರೂ ಕೂಡಿ ನಗುತ್ತಾರೆ. ನನ್ನ ನೆನಪಿನಲ್ಲಿ ಒಬ್ಬರೂ ನಗುವುದಿಲ್ಲ. ಎರಡೂ ಸುಳ್ಳಿರಬಹುದು.

ನಮ್ಮ ಕೆಲಸ ಹೀಗಿತ್ತು. ಯುರೋಪಿನ ಚಳಿದೇಶವೊಂದರಲ್ಲಿ ಮನೆ ಬೆಚ್ಚಗಿಡುವ ಯಂತ್ರ ಮಾರುವ ಕಂಪನಿಗೆ ಬಂದ ದೂರುಗಳಿಗೆಲ್ಲ ನಾವು ಉತ್ತರ ಬರೆಯಬೇಕು. ಚಳಿ ಎಂದರೆ ಆಫೀಸಿನ ಎ.ಸಿ. ಎಂದಷ್ಟೇ ತಿಳಿದ ನಾವು ‘ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ’ ಎಂದು ದಿನವಿಡೀ ಬರೆಯುತ್ತಿದ್ದೆವು. ಅರ್ಥವಾಗುತ್ತದೆಯೇ ಎಂದು ಆ ಕಂಪನಿಗೂ ಅನುಮಾನ ಬಂದಿರಬೇಕು. ನಂಬಿಕೆ ಬೆಳೆಯಲಿ ಎಂದು ಎರಡೂ ಆಫೀಸುಗಳ ನಡುವೆ ಸದಾ ತೆರೆದಿರುವ ಒಂದು ವಿಡಿಯೋ ಹಾಕಿಸಿದರು. ಅವರ ಗೋಡೆಯಲ್ಲಿ ನಾವು, ನಮ್ಮ ಗೋಡೆಯಲ್ಲಿ ಅವರು. ಅದಕ್ಕೆ ‘ಕಿಟಕಿ’ ಎಂದು ಹೆಸರಾಯಿತು. ಕೀಲ್ಪಾಕ್‌ನಲ್ಲಿದ್ದ ನನ್ನ ಮಾವನ ಹೋಟೆಲಿನಲ್ಲೂ ಗಲ್ಲಾದ ಕುರ್ಚಿ ಅಡುಗೆಮನೆ ಕಾಣುವಂತೆಯೇ ಇತ್ತು. ಅದನ್ನು ಯಾರೂ ಸಹಯೋಗ ಎಂದು ಕರೆಯಲಿಲ್ಲ.

ಕಿಟಕಿಗೆ ಒಪ್ಪಿದವರು ನಮ್ಮ ಮೇಡಂ. ಅಡ್ಯಾರಿನವರು, ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವ ಮನೆತನ. ಮನೆಯ ಕನ್ನಡದಲ್ಲಿ ಅರ್ಧ ತಮಿಳು. ಇಡೀ ತಂಡದಲ್ಲಿ ಅವರಿಗೂ ನನಗೂ ಮಾತ್ರ ಕನ್ನಡ ಬರುತ್ತಿದ್ದುದರಿಂದ ಗುಟ್ಟು ಮಾತಾಡಬೇಕಾದಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. ಯಾರಿಗೂ ‘ಇಲ್ಲ’ ಎನ್ನಲು ಅವರಿಗೆ ಬಾರದು. ಮೇಲಿನವರು ಕೇಳಲಿ, ಕೆಳಗಿನವರು ಕೇಳಲಿ.

ಆಯುಧಪೂಜೆಯ ಸರ್ಕಾರಿ ರಜೆಯ ಹಿಂದಿನ ದಿನವೇ ಆಫೀಸಿನ ಪೂಜೆ ಮುಗಿಸುವುದು ಇಲ್ಲಿನ ರೂಢಿ. ಕಂಪ್ಯೂಟರು, ಪ್ರಿಂಟರು, ಲಿಫ್ಟು ಎಲ್ಲಕ್ಕೂ ಗಂಧ ಕುಂಕುಮ ಇಟ್ಟು, ಆರತಿ ಎತ್ತಿ, ಪುರಿ ಕಡಲೆ ಹಂಚಿ ಮನೆಗೆ ಹೊರಡುವುದು. ಪೂಜೆಯಾದ ಮೇಲೆ ರಜೆ ಮುಗಿಯುವ ತನಕ ಆಯುಧ ಮುಟ್ಟುವಂತಿಲ್ಲ. ಮಧ್ಯಾಹ್ನವೇ ಪೂಜೆ ಎಂದು ತಂಡ ಕೇಳಿತು, ಮೇಡಂ ಆಗಲಿ ಎಂದರು. ಆ ಬೆಳಿಗ್ಗೆ ಕಡಲಾಚೆಯ ಕಂಪನಿಯ ಮ್ಯಾನೇಜರಮ್ಮ ಬರೆದಿದ್ದರು: ಒಪ್ಪಂದ ಮುಂದುವರಿಸುವುದೋ ಬೇಡವೋ ಎಂದು ತೀರ್ಮಾನಿಸಲು ನಿರ್ದೇಶಕರು ಬರುತ್ತಿದ್ದಾರೆ, ಸಂಜೆ ಕಿಟಕಿಯಲ್ಲಿ ನಿಮ್ಮನ್ನು ತೋರಿಸಲೇ? ಮೇಡಂ ಅದಕ್ಕೂ ಆಗಲಿ ಎಂದರು. ಒಪ್ಪಂದ ಹೋದರೆ ಆ ಕೋಣೆಯಲ್ಲಿದ್ದ ಎಲ್ಲರೂ ಮನೆಗೆ, ಮೊದಲು ಮೇಡಂ.

ಬೂದುಗುಂಬಳಕಾಯಿ ತಡವಾಗಿ ಬಂತು, ಪೂಜೆಯೂ ತಡವಾಯಿತು. ಮಂಗಳಾರತಿಯ ಗಂಟೆ ಬಾರಿಸುತ್ತಿದ್ದಾಗ ಟಿವಿಯಲ್ಲಿ ಕೋಟುಗಳು ಬಂದು ನಿಂತವು. ಕಣ್ಣು ಕಿರಿದು ಮಾಡಿ ನಮ್ಮತ್ತ ನೋಡಿದವು. ಒಂದು ಕೋಟು ಮುಂದೆ ಬಂದು ತಮ್ಮ ಪರದೆಯನ್ನು ಒರೆಸಿತು. ಆಗ ಟಿವಿಯ ಮೇಲಿದ್ದ ಕ್ಯಾಮೆರಾ ನೋಡಿದೆ. ಗಾಜಿನ ನಟ್ಟನಡುವೆ ಗಂಧ, ಅದರ ಮೇಲೆ ದಪ್ಪನೆಯ ಕುಂಕುಮ.

“ಏನಮ್ಮಾ ಇದು, ಕಣ್ಣಲ್ಲೇನಾ ಇಡೋದು?” ಎಂದು ಮೇಡಂ ಕುಂಕುಮದ ತಟ್ಟೆ ಹಿಡಿದ ಸಹೋದ್ಯೋಗಿಯನ್ನು ಕೇಳಿದರು, ಗಾಬರಿಯಲ್ಲಿ ಕನ್ನಡದಲ್ಲೇ. ಕನ್ನಡ ಬಾರದಿದ್ದರೂ ಅವಳಿಗೆ ಅರ್ಥವಾಯಿತು.

“ಅದುವುಂ ಮೆಷಿನ್ ದಾನೇ, ಮೇಡಂ” ಎಂದಳು. ಅದೂ ಯಂತ್ರವೇ ತಾನೇ. ನಾನು ಕರ್ಚೀಫು ತೆಗೆದೆ. “ಅಯ್ಯೋ, ವೆಚ್ಚ ಪೊಟ್ಟ ಅಳಿಕ್ಕಲಾಮಾ?” ಎಂದು ಅವಳು ಅಡ್ಡ ಬಂದಳು. ಇಟ್ಟ ಬೊಟ್ಟು ಅಳಿಸಬಹುದೇ? ಇಡೀ ಕೋಣೆ ನನ್ನನ್ನು ಮುತ್ತೈದೆಯ ಹಣೆಗೆ ಕೈಹಾಕಿದವನಂತೆ ನೋಡಿತು. ದೇವರನ್ನು ನಂಬದ ನಾನೂ ಕರ್ಚೀಫನ್ನು ಜೇಬಿಗೆ ಹಾಕಿಕೊಂಡೆ.

“ಎಂತ ಮಾಡುದು ಮೇಡಂ? ನೆಟ್‌ವರ್ಕ್ ಹೋಯ್ತು ಅಂತ ಹೇಳಿ ಬಿಡುವ” ಎಂದೆ.

“ನೆಟ್‌ವರ್ಕ್ ಹೋಗಿದ್ರೆ ಗಂಟೆ ಸದ್ದು ಅವರಿಗೆ ಹೇಗಪ್ಪಾ ಕೇಳತ್ತೆ? ಪುರಿ ತಿನ್ನು ಸುಮ್ನೆ.”

ಅಷ್ಟರಲ್ಲಿ ಮ್ಯಾನೇಜರಮ್ಮನ ದನಿ ಬಂತು. ಅಲ್ಲಿ ಏನೋ ಕೆಂಪಗೆ ಕಾಣುತ್ತಿದೆ, ಕ್ಯಾಮೆರಾ ಮುಚ್ಚಿದ್ದೀರಾ?

ಮೇಡಂ ಸೆರಗು ಸರಿಮಾಡಿಕೊಂಡು, ತಮ್ಮನ್ನು ಕಾಣಲಾರದ ಆ ಕ್ಯಾಮೆರಾಕ್ಕೆ ಎದುರಾಗಿ ನಿಂತರು. ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಇವತ್ತು ನಾವು ನಮ್ಮ ಹೊಟ್ಟೆ ಹೊರೆಯುವ ಯಂತ್ರಗಳನ್ನೆಲ್ಲ ಪೂಜಿಸುತ್ತೇವೆ, ನಿಮ್ಮ ಕಿಟಕಿಯೂ ಅವುಗಳಲ್ಲಿ ಒಂದು. ರಜೆ ಮುಗಿಯುವವರೆಗೆ ನಾವು ಕಾಣುವುದಿಲ್ಲ. ಒರೆಸುವುದಕ್ಕೆ ನನ್ನವರಿಗೆ ಮನಸ್ಸಿಲ್ಲ, ನಾನೂ ಒರೆಸುವುದಿಲ್ಲ.

ಅವರ ಬಾಯಲ್ಲಿ ನಾನು ಕೇಳಿದ ಮೊದಲ ‘ಇಲ್ಲ’ ಅದು.

ಪೂಜೆ ಇದೆ ಎಂದು ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಮ್ಯಾನೇಜರಮ್ಮ ಕೇಳಿದರು. ಹೇಳಿದರೆ ನೀವು ಬೇಡ ಎನ್ನುತ್ತೀರಿ ಎಂದು ಹೆದರಿದೆ ಎಂದರು ಮೇಡಂ. ಸ್ಲೈಡಿನ ಪ್ರಕಾರ ಆಗ ಹಿರಿಯ ನಿರ್ದೇಶಕರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ನಾನು ಕಂಡದ್ದು, ಅಥವಾ ಕಂಡೆನೆಂದುಕೊಂಡದ್ದು, ಆತ ಗಡಿಯಾರ ನೋಡಿಕೊಂಡದ್ದು. ಸರಿ ಎಂದು ಎಲ್ಲರೂ ಹೋದರು. ಟಿವಿಯಲ್ಲಿ ಅವರ ಕಾಫಿ ಯಂತ್ರ ಒಂದೇ ಉಳಿಯಿತು.

ರಜೆಯಲ್ಲಿ ಮೇಡಂ ನನಗೆ ಫೋನು ಮಾಡಿದರು. “ನೆಟ್‌ವರ್ಕ್ ಹೋಯ್ತು ಅಂತಲೇ ಹೇಳ್ಬೇಕಿತ್ತೋ ಏನೋಪ್ಪಾ” ಎಂದರು. ನಾನು “ಹಾಗೇನಿಲ್ಲ ಮೇಡಂ” ಎಂದೆ. ಮನಸ್ಸಿನಲ್ಲಿ ಹೌದು ಎಂದುಕೊಂಡೆ.

ರಜೆ ಮುಗಿದ ಬೆಳಿಗ್ಗೆ ಒದ್ದೆ ಬಟ್ಟೆ ತಂದು ಕ್ಯಾಮೆರಾವನ್ನು ಅವರೇ ಒರೆಸಿದರು. ಸಂಜೆ ಮೇಲ್ ಬಂತು. ಒಪ್ಪಂದ ಮುಂದುವರಿಯುತ್ತದೆ, ಕಿಟಕಿಯ ಅಗತ್ಯ ಇನ್ನಿಲ್ಲ, ತೆಗೆಸಿಬಿಡಿ. ಎರಡೂ ಒಂದೇ ಸಾಲಿನಲ್ಲಿ. ಕಾರಣ ಬರೆದಿರಲಿಲ್ಲ. ಮೇಡಂ ಅದನ್ನು ಎರಡು ಸಲ ಓದಿ, “ಇದು ಒಳ್ಳೇದಾ ಕೆಟ್ಟದ್ದಾ?” ಎಂದು ನನ್ನನ್ನು ಕೇಳಿದರು.

ಅವರು ನಮ್ಮನ್ನು ನಂಬಿದ್ದರಿಂದ ನೋಡುವುದನ್ನು ಬಿಟ್ಟರೋ, ನಮ್ಮನ್ನು ನೋಡಿ ನೋಡಿ ಬೇಸತ್ತರೋ, ಬೇರೆ ಯಾರೂ ಸಿಗದೆ ಸುಮ್ಮನಾದರೋ, ಆಗಲೂ ನನಗೆ ತಿಳಿಯಲಿಲ್ಲ. ಈಗಲೂ ತಿಳಿಯದು.