ಆಮೆನ್ ಎನ್ನದ ಉಪದೇಶಿ

ಪಾದ್ರಿ ಅಯ್ಯನವರ ಪ್ರಾರ್ಥನೆ ಮುಗಿದು ಸಭೆಯೆಲ್ಲ ಒಂದೇ ದನಿಯಲ್ಲಿ ಆಮೆನ್ ಎನ್ನುವಾಗ ಒಬ್ಬರ ಬಾಯಿ ಮಾತ್ರ ಕೆಲವೊಮ್ಮೆ ಮುಚ್ಚಿಯೇ ಇರುತ್ತಿತ್ತು. ಅದು ನಮ್ಮ ಉಪದೇಶಿ ದಾವೀದಪ್ಪನವರದು. ಪ್ರಾರ್ಥನೆಯಲ್ಲಿ ತಮಗೆ ನಿಜವೆಂದು ಕಾಣದ ಒಂದು ಮಾತು ಬಂದರೂ ಸಾಕು, ತುಟಿ ಬಿಗಿದು, ಕಣ್ಣು ಬಿಟ್ಟುಕೊಂಡು ನಿಂತುಬಿಡುತ್ತಿದ್ದರು. ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದುದರಿಂದ ಎಲ್ಲರಿಗೂ ಕಾಣುತ್ತಿತ್ತು.

"ಆಮೆನ್ ಅಂದ್ರೆ ಹೂಂ, ಇದು ನಿಜ ಅಂತ ಕಣಮ್ಮ," ಎಂದು ನನಗೆ ಹೇಳುತ್ತಿದ್ದರು. "ಕಾಗದದಾಗೆ ಏನೈತೆ ಅಂತ ಕೇಳ್ದೆ ಹೆಬ್ಬೆಟ್ಟು ಒತ್ತೀಯಾ? ಇದೂ ಅಂಗೇಯ."

ನಮ್ಮದು ಮಧುಗಿರಿ ಸೀಮೆಯ ಹೊಸಕೋಟೆಯ ಆಚೆ ಇಪ್ಪತ್ತು ಮನೆಗಳ ಸಣ್ಣ ಲೂಥರನ್ ಸಭೆ. ಪಾದ್ರಿಗಳು ಮಧುಗಿರಿಯಿಂದ ತಿಂಗಳಿಗೊಮ್ಮೆ ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಉಳಿದ ದಿನಗಳಲ್ಲಿ ವೇದ ಓದುವುದು, ಪ್ರಾರ್ಥನೆ ಮಾಡುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ದಾವೀದಪ್ಪನವರೇ. ನಿಡುಗಲ್ಲಿನ ಕಡೆಯವರು. ಉದ್ದ ಕೈ, ಗಂಟಲಲ್ಲಿ ಸದಾ ಕೆಮ್ಮು. ಕೋಪ ಬಂದರೆ ತೆಲುಗು.

ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನಾನು ಮಿಷನ್ ಶಾಲೆಯಲ್ಲಿ ಕಲಿತ ಹಾಗೆ, "ದೇವರೇ, ನೀನು ಕೊಟ್ಟ ಈ ಅನ್ನಕ್ಕಾಗಿ ಸ್ತೋತ್ರ," ಎಂದೆ. ಅವರು ಕೈ ಎತ್ತಿ ತಡೆದರು.

"ತಟ್ಟೇಲಿ ಏನೈತೆ ರಾಹೇಲಮ್ಮ?"

"ಮುದ್ದೆ."

"ಮತ್ತೆ? ದ್ಯಾವ್ರ ಮುಂದೆ ಮುದ್ದೇನ ಅನ್ನ ಅಂತೀಯಲ್ಲ!"

ನನ್ನ ಗಂಡ ಯಾಕೋಬ ನಕ್ಕುಬಿಟ್ಟ. "ಉಪದೇಶಿಗಳೇ, ತಟ್ಟೇಲಿ ಏನೈತೆ ಅಂತ ದ್ಯಾವ್ರಿಗೆ ಗೊತ್ತಾಗಾಕಿಲ್ವಾ?"

"ಅವನಿಗೆ ಗೊತ್ತಾಗ್ತದೆ ಕಣಯ್ಯ. ನಿನ್ ಬಾಯಿಗೆ ಗೊತ್ತಾಗ್ಬೇಕು."

ಅಂದಿನಿಂದ ನಮ್ಮ ಮನೆಯಲ್ಲಿ ಮುದ್ದೆಗೇ ಸ್ತೋತ್ರ. ಸೊಪ್ಪಿಲ್ಲದ ದಿನ, ಸೊಪ್ಪಿಲ್ಲ ಎಂದೂ ದೇವರಿಗೆ ಹೇಳುತ್ತಿದ್ದೆವು.

ಊರೂರಿಗೂ ಜ್ವರ ಹಬ್ಬಿದ ವರ್ಷ ನನ್ನ ಮಗಳು ಮರಿಯ ಮೂರೇ ದಿನದಲ್ಲಿ ಹೋದಳು. ನಾಲ್ಕು ವರ್ಷದವಳು. ಆ ತಿಂಗಳು ಸಾವುಗಳು ಹೆಚ್ಚಾಗಿ, ಮಣ್ಣು ಮಾಡುವಾಗ ಓದಲೆಂದು ಪಾದ್ರಿಗಳು ಎಲ್ಲ ಉಪದೇಶಿಗಳಿಗೂ ಒಂದೊಂದು ಹಾಳೆ ಬರೆದು ಕಳಿಸಿದ್ದರು. ದಾವೀದಪ್ಪನವರು ಗುಂಡಿಯ ಪಕ್ಕ ನಿಂತು ಅದನ್ನು ಓದತೊಡಗಿದರು. "ದೇವರು ತನ್ನ ಮಹಾಪ್ರೀತಿಯಿಂದ ಈ ಕೂಸನ್ನು..." ಅಲ್ಲಿಗೆ ನಿಂತರು. ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಇದ್ನ ನಾ ಓದಾಕಿಲ್ಲ," ಎಂದರು. "ಈ ಮಗೀನ ಯಾಕೆ ತಗೊಂಡ ಅಂತ ಅವ್ನು ನಂಗೆ ಹೇಳಿಲ್ಲ. ಶಿಲುಬೆ ತೋರ್ಸವ್ನೆ, ಅದ್ನ ಹೇಳ್ತೀನಿ. ಅಲ್ಲಿ ಅವ್ನೂ ನೊಂದವ್ನೆ. ಮಿಕ್ಕಿದ್ದು ಮುಚ್ಚಿಟ್ಟವ್ನೆ. ಮುಚ್ಚಿಟ್ಟಿದ್ದನ್ನ ನೋಡ್ದಂಗೆ ಹೇಳಿದ್ರೆ ಅಬದ್ಧ ಆಯ್ತದೆ."

ಆಮೇಲೆ ನನ್ನ ಕಡೆ ತಿರುಗಿದರು. "ಕ್ವಾಪ ಐತಾ ತಾಯಿ?"

"ಐತೆ," ಎಂದೆ.

"ಅವ್ನ ಮ್ಯಾಲೇನೇ ಮಾಡ್ಕೊ. ಇನ್ಯಾರ ಮ್ಯಾಲೆ ಮಾಡ್ಕೊಂತೀಯ? ಬೈಯಿ. ಬೈದ್ರೂ ಅವ್ನ ಜೊತೆ ಮಾತಾಡ್ದಂಗೇಯ."

ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಾತೊಂದೇ. ಬಂದವರೆಲ್ಲ ದೇವರ ಪ್ರೀತಿ, ದೇವರ ಪ್ರೀತಿ ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಇವರು ತೆರೆಸಿದರು.

ಸುದ್ದಿ ಮಧುಗಿರಿಗೆ ಹೋಯಿತು. ಮುಂದಿನ ತಿಂಗಳು ಪಾದ್ರಿಗಳು ಬಂದು ಸಭೆ ಕೂಡಿಸಿದರು. "ಸತ್ಯ ಹೇಳುವುದು ಬೇರೆ, ದುಃಖದಲ್ಲಿರುವವರಿಗೆ ಸಮಾಧಾನ ಹೇಳುವುದು ಬೇರೆ. ತಪ್ಪಾಯಿತೆಂದು ಒಪ್ಪಿಕೊಳ್ಳಿ ದಾವೀದಪ್ಪ," ಎಂದರು.

"ಸುಳ್ಳಿನಾಗೆ ಎಂಥ ಸಮಾಧಾನ ಅಯ್ಯನೋರೆ?"

ಪಾದ್ರಿಗಳು ನನ್ನತ್ತ ನೋಡಿದರು. "ಹೇಳು ತಂಗಿ. ಈತನ ಮಾತಿನಿಂದ ನಿನಗೆ ನೋವಾಯಿತಲ್ಲವೇ?"

ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ನಾನು ಪಾದ್ರಿಗಳದೇ ಮಿಷನ್ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಯಾಕೋಬ ನನ್ನ ಸೆರಗು ಜಗ್ಗಿದ. ನಾನು ನೆಲ ನೋಡುತ್ತ ಕುಳಿತೆ. ನನ್ನ ಮೌನವನ್ನೇ ಪಾದ್ರಿಗಳು ಹೌದು ಎಂದು ಬರೆದುಕೊಂಡರು. ದಾವೀದಪ್ಪನವರ ಉಪದೇಶಿ ಕೆಲಸ ಅಂದೇ ಹೋಯಿತು.

ಆ ಪಾದ್ರಿಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬಗ್ಗಿಕೊಂಡೇ ಇದ್ದ ನನ್ನ ತಲೆಯ ಮೇಲೆ ಅದಕ್ಕಿಂತ ಹೆಚ್ಚು.

ದಾವೀದಪ್ಪನವರು ನಿಡುಗಲ್ಲಿಗೆ ಹಿಂತಿರುಗಿ ಕಲ್ಲು ಒಡೆಯುವ ಕೆಲಸಕ್ಕೆ ಸೇರಿದರು. ಎರಡು ವರ್ಷದ ಮೇಲೆ ಧೈರ್ಯ ಮಾಡಿ ಹೋದೆ. ಕಲ್ಲಿನ ದೂಳು ಕುಡಿದು ಕೆಮ್ಮು ಎದೆಗೆ ಇಳಿದಿತ್ತು. ನನ್ನನ್ನು ಕಂಡು ಚಾಪೆ ಹಾಸಿದರು.

"ನಾನು ಅವತ್ತು ಹೇಳಬೇಕಿತ್ತು ಅಣ್ಣ," ಎಂದೆ.

"ಹೂಂ. ಹೇಳ್ಬೇಕಿತ್ತು."

ಹೋಗಲಿ ಬಿಡು ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ. ಸುಳ್ಳು ಸಮಾಧಾನ ಅವರ ಬಾಯಿಂದ ಬರುವಂಥದ್ದೇ ಅಲ್ಲ. ಒಲೆಯ ಕಡೆ ಕೈ ತೋರಿಸಿ, "ಮುದ್ದೆ ಐತೆ, ಉಣ್ಣು ಬಾ. ತೆಪ್ಪು ಒಪ್ಕೊಂಡ್ಯಲ್ಲ, ದ್ಯಾವ್ರು ಅದ್ನ ನಿನ್ ಮ್ಯಾಲೆ ಮಡಗಾಕಿಲ್ಲ. ಇದ್ನ ಅವ್ನು ತೋರ್ಸವ್ನೆ, ಅದ್ಕೇ ಹೇಳ್ತೀನಿ," ಎಂದರು.

ಆ ಬೇಸಿಗೆಯಲ್ಲೇ ತೀರಿಕೊಂಡರು. ನಾನೂ ಯಾಕೋಬನೂ ನಿಡುಗಲ್ಲಿಗೆ ಹೋದೆವು. ಮಣ್ಣು ಮಾಡಲು ಪಾದ್ರಿಗಳೇ ಬಂದರು. ಚೀಲದಿಂದ ಹಾಳೆ ತೆಗೆದು, "ದೇವರು ತನ್ನ ಮಹಾಪ್ರೀತಿಯಿಂದ ಈ ಸೇವಕನನ್ನು," ಎಂದು ಶುರು ಮಾಡಿದರು. ದಾವೀದಪ್ಪನವರನ್ನು ಸಭೆಯಿಂದ ಕಲ್ಲು ಒಡೆಯಲು ಅಟ್ಟಿದ ಕೈಯಲ್ಲೇ ಆ ಹಾಳೆ ಇತ್ತು.

"ಅದನ್ನು ಇವರ ಮೇಲೆ ಓದಬೇಡಿ ಅಯ್ಯನವರೇ," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಅವತ್ತು ಇವರ ಮಾತಿನಿಂದ ನನಗೆ ನೋವಾಗಲಿಲ್ಲ. ಇವರು ಹೇಳಿದ್ದು ನಿಜ."

ಯಾಕೋಬ ಈ ಸಲ ಸೆರಗು ಜಗ್ಗಲಿಲ್ಲ. ಪಾದ್ರಿಗಳು ನನ್ನನ್ನು ಒಮ್ಮೆ ನೋಡಿ, ಕೊನೆಯ ಸಾಲಿನವರೆಗೂ ಓದಿದರು. ಎಲ್ಲರೂ ಆಮೆನ್ ಎಂದರು.

ನಾನು ಕಣ್ಣು ಬಿಟ್ಟುಕೊಂಡು, ತುಟಿ ಬಿಗಿದು, ಮುಂದಿನ ಸಾಲಿನಲ್ಲಿ ನಿಂತಿದ್ದೆ.