ಎರಡು ಜೈಲುಗಳ ನಡುವೆ ಹುಟ್ಟಿದವ

ಕಳೆದ ವಾರದಿಂದ ನಮ್ಮ ಮನೆಯ ಹೊಸ್ತಿಲಲ್ಲಿ ಬೂಟು ಪಾಲಿಶಿನ ವಾಸನೆ ಉಳಿದುಕೊಂಡಿದೆ. ಇತರರಿಗೆ ಅದು ತಿಳಿಯುವುದಿಲ್ಲ. ನನ್ನ ಮೂಗಿಗೆ ಮಾತ್ರ ಗೊತ್ತು.

ಮೊಮ್ಮಗಳು ಟೇಬಲ್ ಟೆನಿಸ್ ಆಡಲು ಸಿಂಗಾಪುರಕ್ಕೆ ಹೋಗುವವಳಿದ್ದಾಳೆ. ಅವಳ ಪಾಸ್‌ಪೋರ್ಟಿನ ವಿಚಾರಣೆಗೆಂದು ಪೊಲೀಸಿನವರೊಬ್ಬರು ಪೋರೂರಿನ ನಮ್ಮ ಮನೆಗೆ ಬಂದಿದ್ದರು. ಬಾಗಿಲಲ್ಲಿ ಬೂಟು ಕಳಚಿಟ್ಟು, ಒಂದು ಕಾಲುಚೀಲದ ತೂತನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ಕೂತರು. ಮಜ್ಜಿಗೆ ಕುಡಿದರು. ಮನೆಯವರ ಮೇಲೆ ಕೇಸು ಗೀಸು ಏನಾದರೂ ಇದೆಯೇ ಎಂದು ತಮಿಳಿನಲ್ಲಿ ಕೇಳಿದರು. ನಾನು ಉತ್ತರಿಸುವ ಮೊದಲೇ ನನ್ನ ಮುಖ ನೋಡಿ ‘ಇಲ್ಲ’ ಎಂದು ಬರೆದುಕೊಂಡರು. ನಾನು ಎಷ್ಟು ನಿರುಪದ್ರವಿಯಾಗಿ ಕಾಣುತ್ತೇನೆಂದು ಅಂದು ಖಚಿತವಾಯಿತು.

ಅವರು ಹೋದ ಮೇಲೆ ಒಬ್ಬನೇ ನಗುತ್ತ ಕೂತಿದ್ದೆ. “ಏನ್ ಸಿರಿಕ್ಕಿರೀಂಗ, ತಾತಾ?” ಎಂದಳು ಮೊಮ್ಮಗಳು. ನಗು ಯಾಕೆಂದು ಅವಳ ಪ್ರಶ್ನೆ. ಅವಳಿಗೆ ಕನ್ನಡ ಕಿವಿಗೆ ಇಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ. ಮೌಂಟ್ ರೋಡಿನ ಪತ್ರಿಕೆಯೊಂದರಲ್ಲಿ ತಲೆ ನರೆಯುವ ತನಕ ಕೆಲಸ ಮಾಡಿದವನು ನಾನು. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸಬಾರದು ಎಂದು ನಮ್ಮ ಸುದ್ದಿ ಸಂಪಾದಕರು ಕಲಿಸಿದ್ದರು. ಈ ಚಾಳಿಯಿಂದ ನನ್ನ ಮದುವೆಯ ಆಮಂತ್ರಣ ಪತ್ರಿಕೆ ಕೂಡ ಪುರಸಭೆಯ ಪ್ರಕಟಣೆಯ ಹಾಗೆ ಇತ್ತು ಎಂದು ಹೆಂಡತಿ ಹೇಳುತ್ತಿದ್ದಳು.

ಅದು ಐವತ್ತರ ದಶಕದ ಕೊನೆ. ತಿರುವಲ್ಲಿಕ್ಕೇಣಿಯ ಒಂದು ಓಣಿಯಲ್ಲಿ ಕೆಳಗಿನ ಕೋಣೆ ನನ್ನದು. ಮಹಡಿಯ ಮೇಲೆ ಉಡುಪಿ ಕಡೆಯ ಒಂದು ಸಂಸಾರ: ವಾಮನರಾಯರು, ಅವರ ಹೆಂಡತಿ ಭವಾನಿಯಮ್ಮ, ಮಗ ಶ್ರೀಧರ. ಬ್ರಿಟಿಷರ ಕಾಲದಲ್ಲಿ ಗಂಡ ಹೆಂಡತಿ ಸರದಿಯ ಮೇಲೆ ಜೈಲಿಗೆ ಹೋದವರು, ಒಮ್ಮೊಮ್ಮೆ ಒಟ್ಟಿಗೇ ಹೋದವರು. ಶ್ರೀಧರ ಯಾರಿಗೇ ಆಗಲಿ ತನ್ನ ಪರಿಚಯ ಹೇಳುತ್ತಿದ್ದದ್ದು ಹೀಗೆ: “ನಾನು ಎರಡು ಜೈಲುಗಳ ನಡುವೆ ಹುಟ್ಟಿದವ.”

ಭವಾನಿಯಮ್ಮನಿಗೆ ತಮಿಳು ಕಲಿಸಿದ್ದು ವೆಲ್ಲೂರಿನ ಜೈಲು. ಗಂಜಿ, ಗೇಟು, ಸಾಲು, ಉಪವಾಸ ಇಂಥ ವಿಷಯಗಳಲ್ಲಿ ಅವರ ತಮಿಳು ಸರಾಗ. ತರಕಾರಿ ಕೊಳ್ಳುವಾಗ ಮಾತ್ರ ತಡವರಿಸುತ್ತಿದ್ದರು. ಬದನೆಕಾಯಿಯವಳ ಮುಂದೆ ಅವರು ಬೇಡಿಕೆ ಮಂಡಿಸುವ ಧಾಟಿಯಲ್ಲಿ ಮಾತಾಡುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಸ್ವಾತಂತ್ರ್ಯ ಬಂದ ಮೇಲೆ ಅವರ ಜೊತೆಗಾರರು ಹಲವರು ದೊಡ್ಡ ಕುರ್ಚಿಗಳಲ್ಲಿ ಕೂತರು. ರಾಯರು ಊರಿನವರ ಹೋಟೆಲಿನ ಗಲ್ಲಾದಲ್ಲಿ ಕೂತರು. ಭವಾನಿಯಮ್ಮ ಎಲ್ಲಿಯೂ ಕೂರಲಿಲ್ಲ. ಓಣಿಗೆ ನೀರು, ದೀಪ, ಚರಂಡಿ ಎಂದು ಅವರ ಚಳವಳಿ ನಡೆದೇ ಇತ್ತು. ನನ್ನನ್ನು ಅವರು ‘ಪೇಪರು ಮಾಣಿ’ ಎಂದು ಕರೆಯುತ್ತಿದ್ದರು. ಅವರ ಊರಿನಲ್ಲಿ ಮಾಣಿ ಎಂದರೆ ಹುಡುಗ. ನನಗೆ ಆಗಲೇ ಕೂದಲು ಉದುರಲು ಶುರುವಾಗಿತ್ತು, ಆದರೂ ಇಷ್ಟವಾಗುತ್ತಿತ್ತು.

ಶ್ರೀಧರ ಪದ್ಯ ಬರೆಯುತ್ತಿದ್ದ. ಕಚೇರಿಯಿಂದ ನಾನು ತರುತ್ತಿದ್ದ ಹಳೆಯ ಪ್ರೂಫ್ ಹಾಳೆಗಳ ಬೆನ್ನೇ ಅವನ ಕಾಗದ. ಒಂದು ಬದಿಯಲ್ಲಿ ಹತ್ತಿಯ ಧಾರಣೆ, ಇನ್ನೊಂದು ಬದಿಯಲ್ಲಿ ಹುಣ್ಣಿಮೆ. ರಾಯರು ಪದ್ಯವನ್ನು ಅಳೆಯಲು ಒಂದೇ ಮಾನದಂಡ ಇಟ್ಟುಕೊಂಡಿದ್ದರು. “ಇದನ್ನು ಮೆರವಣಿಗೆಯಲ್ಲಿ ಹಾಡ್ಲಿಕ್ಕೆ ಆಗ್ತದಾ?” ಎಂದು ಕೇಳುತ್ತಿದ್ದರು. ಆಗುತ್ತಿರಲಿಲ್ಲ. ಭವಾನಿಯಮ್ಮ ಪೂರ್ತಿ ಓದಿ, ಹಾಳೆ ಮಡಚಿ, ಚಂದ ಉಂಟು, ನಲ್ಲಿಯಲ್ಲಿ ನೀರು ಬಂತಾ ನೋಡು ಎನ್ನುತ್ತಿದ್ದರು.

ಅವನ ಒಂದು ಪದ್ಯವನ್ನು ಮಾತ್ರ ಓದಿದ ಮೇಲೆ ಅವರು ತಾವೇ ಎದ್ದು ನಲ್ಲಿ ನೋಡಲು ಹೋದರು. ಚಿಕ್ಕ ಮಗುವನ್ನು ಮಾವ ಜೈಲಿನ ಬಾಗಿಲಿಗೆ ಕರೆದುಕೊಂಡು ಹೋಗುತ್ತಾನೆ. ಒಳಗಿನಿಂದ ಬಂದ ಹೆಂಗಸಿನ ಗುರುತು ಮಗುವಿಗೆ ಹತ್ತುವುದಿಲ್ಲ. ಅವಳ ಕಣ್ಣಲ್ಲಿ ನೀರು ಕಂಡು, ಪಾಪ ಯಾರೋ ಎಂದು, ತನ್ನ ಸ್ಲೇಟಿನಲ್ಲಿ ಬರೆದ ಅಕ್ಷರವನ್ನು ಅವಳಿಗೆ ತೋರಿಸುತ್ತದೆ. ಪದ್ಯ ಅಷ್ಟೇ.

ಇಂಥವನು ವಿದೇಶಾಂಗ ಸೇವೆಯ ಪರೀಕ್ಷೆ ಬರೆದ. ತಮಾಷೆಗೆ ಬರೆದೆ ಎಂದ. ಪಾಸಾದ ಮೇಲೆ ತಮಾಷೆ ಮುಗಿಯಿತು. ರಾಯರು ಗಲ್ಲಾದಲ್ಲಿ ಬಂದವರಿಗೆಲ್ಲ ಚಿಲ್ಲರೆಯ ಜೊತೆ ಸುದ್ದಿಯನ್ನೂ ಕೊಟ್ಟರು. ಭವಾನಿಯಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಲವತ್ತೆರಡರ ಚಳವಳಿಯಲ್ಲಿ ಅವರು ಊರಿನ ತಾಲೂಕು ಕಚೇರಿಯ ಮೆಟ್ಟಿಲಲ್ಲಿ ನಿಂತು, ಸರ್ಕಾರದ ಕೆಲಸ ಬಿಟ್ಟು ಹೊರಗೆ ಬನ್ನಿ ಎಂದು ಗುಮಾಸ್ತರನ್ನು ಕೂಗಿ ಕರೆದವರು. ಕೆಲವರು ನಿಜವಾಗಿ ಎದ್ದು ಬಂದಿದ್ದರು. ಬಂದವರಲ್ಲಿ ಎಲ್ಲರಿಗೂ ಮತ್ತೆ ಕೆಲಸ ಸಿಗಲಿಲ್ಲ.

“ಅವರ ಮಕ್ಕಳು ಕೇಳಿದ್ರೆ ನಾನು ಎಂತ ಹೇಳ್ಲಿ, ಮಾಣಿ?” ಎಂದು ಒಂದು ಸಂಜೆ ನನ್ನನ್ನು ಕೇಳಿದರು. ಶ್ರೀಧರನ ಹಟ ಬೇರೆ. ಅಮ್ಮ ಬಾಯಿಬಿಟ್ಟು ಹೋಗು ಎನ್ನದೆ ತಾನು ಹೋಗುವುದಿಲ್ಲ ಎಂದ. ಬಾಲ್ಯವೆಲ್ಲ ಅಮ್ಮನಿಗಾಗಿ ಕಾದವನು, ಈಗಲೂ ಕಾದ. ಕೆಲಸಕ್ಕೆ ಸೇರಬೇಕಾದ ದಿನ ಹತ್ತಿರ ಬರುತ್ತಿತ್ತು.

ಆ ಹೊತ್ತಿಗೆ ನೀರಿನ ಗಲಾಟೆ. ಭವಾನಿಯಮ್ಮ ಓಣಿಯ ಹೆಂಗಸರನ್ನು ಖಾಲಿ ಕೊಡಗಳೊಂದಿಗೆ ಕರೆದುಕೊಂಡು ಹೋಗಿ ವಾರ್ಡ್ ಕಚೇರಿಯ ಬಾಗಿಲಿಗೆ ಅಡ್ಡ ಕೂತರು. ನಮ್ಮ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬಂತು, ಬರೆದವನು ನಾನೇ. ಅದಾಗಿ ಕೆಲವು ದಿನಕ್ಕೆ, ಬೆಳಿಗ್ಗೆ, ಒಬ್ಬ ಇನ್‌ಸ್ಪೆಕ್ಟರು ಒಬ್ಬ ಕಾನ್‌ಸ್ಟೇಬಲ್ ಜೊತೆ ನಮ್ಮ ಬಾಗಿಲಿಗೆ ಬಂದರು. ಹೊಸದಾಗಿ ಪಾಲಿಶ್ ಮಾಡಿದ ಬೂಟು. ಇನ್ನು ಮುಂದಿನದು ನಾನು ಕಂಡದ್ದು.

ಭವಾನಿಯಮ್ಮ ಮಹಡಿಯಿಂದ ಇಣುಕಿದರು, ಒಳಗೆ ಹೋದರು, ಇಳಿದು ಬಂದರು. ಕೈಯಲ್ಲಿ ಖಾದಿಯ ಚೀಲ. ಅದರಲ್ಲಿ ಎರಡು ಸೀರೆ, ನೂಲುವ ತಕಲಿ, ಹಲ್ಲುಪುಡಿಯ ಡಬ್ಬಿ. ನನ್ನ ಕೈಗೆ ಮನೆಯ ಬೀಗದ ಕೈ ಕೊಟ್ಟು, ಸಾರು ಒಲೆಯ ಮೇಲುಂಟು, ಇಳಿಸಿಬಿಡು ಎಂದರು. ಹಿಂದೆಯೇ ರಾಯರು ಒಂದು ಅಂಗಿಯ ಮೇಲೆ ಇನ್ನೊಂದು ಅಂಗಿ ತೊಟ್ಟು, ಕೈಗಡಿಯಾರ ಬಿಚ್ಚಿಡುತ್ತ ಬಂದರು. ಜೈಲಿನಲ್ಲಿ ರಾತ್ರಿ ಚಳಿ, ಗಡಿಯಾರ ಒಳಗೆ ಬಿಡುವುದಿಲ್ಲ. ಅನುಭವಸ್ಥರ ಸಿದ್ಧತೆ. ಓಣಿಯ ಹೆಂಗಸರು ಆಗಲೇ ಸೇರಿದ್ದರು.

ಇನ್‌ಸ್ಪೆಕ್ಟರು ಕಂಗಾಲಾದರು. ಯಾರನ್ನೂ ಹಿಡಿಯಲು ಬಂದದ್ದಲ್ಲ, ಮಗನಿಗೆ ಸರ್ಕಾರಿ ಕೆಲಸವಾಗಿದೆಯಲ್ಲ, ಅದರ ವಿಚಾರಣೆಗೆ ಬಂದದ್ದು, ದಯವಿಟ್ಟು ಕೂತುಕೊಳ್ಳಿ ಎಂದು ತಮಿಳಿನಲ್ಲಿ ಬೇಡಿಕೊಂಡರು. ಭವಾನಿಯಮ್ಮನ ಮುಖದಲ್ಲಿ ನಿರಾಶೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಕಾನ್‌ಸ್ಟೇಬಲ್ ತಾನೇ ತಪ್ಪು ಮಾಡಿದವನಂತೆ ಟೋಪಿ ತೆಗೆದ.

ಮನೆಯವರ ಮೇಲೆ ಕೇಸು ಏನಾದರೂ ಇದೆಯೇ ಎಂಬ ಪ್ರಶ್ನೆ ಆಗಲೂ ಇತ್ತು. ಭವಾನಿಯಮ್ಮ ಚೀಲವನ್ನು ಕೆಳಗಿಟ್ಟು ಶುರು ಮಾಡಿದರು. ಉಪ್ಪು, ಹೆಂಡದಂಗಡಿ, ನಲವತ್ತೆರಡು, ಕೊನೆಗೆ ಹೋದ ವಾರದ ಕೊಡಗಳು. ಕಾನೂನಿನ ಕಲಮು ನೆನಪಾಗದಿದ್ದಲ್ಲಿ ರಾಯರು ಪಕ್ಕದಿಂದ ಹೇಳಿಕೊಟ್ಟರು. ಇನ್‌ಸ್ಪೆಕ್ಟರು ಒಂದೆರಡು ಸಾಲು ಬರೆದು ನಿಲ್ಲಿಸಿದರು. ಮಹಡಿಯ ಮೆಟ್ಟಿಲಲ್ಲಿ ಶ್ರೀಧರ ಸುಣ್ಣದ ಗೋಡೆಯಂತೆ ಬಿಳುಚಿ ನಿಂತಿದ್ದ.

“ಇದನ್ನೆಲ್ಲ ಬರೆಯಲೇಬೇಕೇ, ಅಮ್ಮಾ?” ಎಂದರು ಇನ್‌ಸ್ಪೆಕ್ಟರು. ಒಳ್ಳೆಯ ಮನುಷ್ಯ.

ಭವಾನಿಯಮ್ಮ ಮಗನತ್ತ ಒಮ್ಮೆ ನೋಡಿದರು. ಅವರು ತಮಿಳಿನಲ್ಲಿ ಹೇಳಿದ್ದು ಕನ್ನಡದಲ್ಲಿ ಇಷ್ಟು: “ಒಂದನ್ನೂ ಬಿಡದೆ ಬರೆಯಿರಿ. ಇದು ತಪ್ಪು ಎನ್ನುವ ಸರ್ಕಾರಕ್ಕೆ ನನ್ನ ಮಗನನ್ನು ಕೊಡುವುದಿಲ್ಲ. ತಪ್ಪಲ್ಲ ಎಂದರೆ ನಾನೇ ಕಳಿಸಿಕೊಡುತ್ತೇನೆ.”

ಅವನ ಕೆಲಸ ಹೋಯಿತು ಎಂದು ನಾವೆಲ್ಲ ತಿಳಿದೆವು. ಕೆಲವು ವಾರಗಳ ಮೇಲೆ ದೆಹಲಿಯಿಂದ ನೇಮಕದ ಆದೇಶ ಬಂತು. ಭವಾನಿಯಮ್ಮ ಅದನ್ನು ಮಗನಿಂದ ಎರಡು ಸಲ ಓದಿಸಿ, “ಹೋಗಿ ಬಾ” ಎಂದರು. ಆಮೇಲೆ ಓಣಿಯ ಮನೆ ಮನೆಗೆ ಸಕ್ಕರೆ ಹಂಚಿದರು. ಹಂಚುವಾಗ ಮಗನಿಗೆ ಕೆಲಸವಾಯಿತು ಎನ್ನಲಿಲ್ಲ. “ಸರ್ಕಾರ ಒಪ್ಪಿತು” ಎಂದರು. ಅವರ ಲೆಕ್ಕದಲ್ಲಿ ಅದು ಮಗನ ಗೆಲುವೇ ಅಲ್ಲ. ಸರ್ಕಾರ ಅವರ ಹಳೆಯ ಬೇಡಿಕೆಯೊಂದಕ್ಕೆ ತಡವಾಗಿ ಮಣಿದಿತ್ತು. ಅಂದು ಎದ್ದು ಬಂದ ಗುಮಾಸ್ತರಲ್ಲಿ ಬದುಕಿದ್ದವರಿಗೂ ಭವಾನಿಯಮ್ಮ ಹೀಗೆಯೇ ಕಾಗದ ಹಾಕಿದರು ಎಂದು ರಾಯರು ಹೇಳಿದ್ದು ಕೇಳಿದ್ದೇನೆ.

ಶ್ರೀಧರ ಯಾವ ಯಾವ ದೇಶಗಳಲ್ಲಿದ್ದ, ಯಾರ ಎದುರು ಕೂತು ಏನು ಮಾತಾಡಿದ ಎನ್ನುವುದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಹೇಳದೇ ಇರುವುದು ಅವನ ವೃತ್ತಿ, ಕೇಳುವುದು ನನ್ನದು, ಸ್ನೇಹ ಉಳಿದದ್ದು ಇಬ್ಬರೂ ರಜೆ ಹಾಕಿದ್ದರಿಂದ. ಅರವತ್ತರ ದಶಕದಲ್ಲಿ ರಜೆಗೆ ಬಂದಾಗಲೆಲ್ಲ ಸಂಜೆ ಮರೀನಾದ ಮರಳಿನಲ್ಲಿ ನಾಲ್ವರೂ ಕೂರುತ್ತಿದ್ದೆವು. ಮಾತುಕತೆ ಬಿಗಿದಾಗ ತಾನು ಅಮ್ಮನನ್ನು ನೆನೆಯುವುದಾಗಿ ಅಲ್ಲಿ ಒಮ್ಮೆ ಹೇಳಿದ. ಇಬ್ಬರಿಗೂ ತಾನೇ ಗೆದ್ದೆ ಅನ್ನಿಸುವಂತೆ ಷರತ್ತು ಹಾಕುವುದು ಅವರಿಂದ ಕಲಿತದ್ದಂತೆ. ಭವಾನಿಯಮ್ಮ ಕಡಲೆಯ ಸುಂಡಲ್ ತಿನ್ನುತ್ತ, ಕೇಳಿಸದವರಂತೆ ಸಮುದ್ರ ನೋಡಿದರು.

ಅವನ ಮೊದಲ ಸಂಕಲನ ಬಂದದ್ದೂ ಆ ವರ್ಷಗಳಲ್ಲಿಯೇ. ಕನ್ನಡಿಗರು ಕೆಲವರು ಸೇರಿ ಒಂದು ಹೋಟೆಲಿನ ಮಹಡಿಯಲ್ಲಿ ಸಭೆ ಇಟ್ಟರು. ಚಳಿದೇಶದ ಮಂಜಿನ ಮೇಲೆ ಬರೆದ ಒಂದು ಮೆಲುದನಿಯ ಪದ್ಯವನ್ನು ಶ್ರೀಧರ ಓದಿ ಕೂತ. ರಾಯರು ಎದ್ದರು. ಅದೇ ಪದ್ಯವನ್ನು ಮೆರವಣಿಗೆಯ ಧಾಟಿಗೆ ಹಾಕಿ, ಚಪ್ಪಾಳೆ ತಟ್ಟುತ್ತ, ಪ್ರತಿ ಸಾಲನ್ನೂ ಸಭಿಕರಿಂದ ಹೇಳಿಸಿದರು. ಕೆಳಗಿನಿಂದ ಅಡುಗೆಯವರು ಕೂಡ ಬಂದು ಹಾಡಿದರು. ಅಷ್ಟು ಹುರುಪಿನ ಮಂಜನ್ನು ನಾನು ಬೇರೆಲ್ಲೂ ಕಂಡಿಲ್ಲ. ಶ್ರೀಧರ ತಲೆ ಬಗ್ಗಿಸಿ ನಗುತ್ತಿದ್ದ, ನಗು ತಡೆಯಲಾರದೆ ಕಣ್ಣು ಒರೆಸಿಕೊಳ್ಳುತ್ತಿದ್ದ.

ಇಷ್ಟು ಬರೆದು, ಅಚ್ಚಿಗೆ ಕೊಡುವ ಮೊದಲು ತಾಳೆ ನೋಡುವ ಅಭ್ಯಾಸದಂತೆ, ನಿನ್ನೆ ಮೈಸೂರಿಗೆ ಫೋನು ಮಾಡಿದೆ. ಶ್ರೀಧರ ನಿವೃತ್ತನಾಗಿ ಅಲ್ಲಿದ್ದಾನೆ. ಅಪ್ಪ ಅಮ್ಮ ಹೋಗಿ ಬಹಳ ಕಾಲವಾಯಿತು. ಪೂರ್ತಿ ಓದಿ ಹೇಳಿದೆ.

“ಎಲ್ಲ ಸರಿ ಉಂಟು ಮಾರಾಯ. ಆದ್ರೆ ಪೊಲೀಸಿನವರು ಯಾಕೆ ಬಂದದ್ದು ಅಂತ ಅಮ್ಮನಿಗೆ ಮೊದ್ಲೇ ಗೊತ್ತಿತ್ತು.”

ಆಧಾರ ಏನು ಎಂದೆ. ಅಮ್ಮ ಕೊನೆಗಾಲದಲ್ಲಿ ತಾನೇ ಹೇಳಿದ್ದಂತೆ. ಹಿಂದಿನ ದಿನವೇ ಕಾನ್‌ಸ್ಟೇಬಲ್ ಹಾಲಿನವಳ ಹತ್ತಿರ ಹುಡುಗನ ಬಗ್ಗೆ ವಿಚಾರಿಸಿದ್ದ. ಅವಳು ಬಂದು ಭವಾನಿಯಮ್ಮನಿಗೆ ತಿಳಿಸಿದ್ದಳು. ಮಗನಿಗೆ ಹೂಂ ಎನ್ನುವ ಆಸೆ ಅಮ್ಮನಿಗಿತ್ತು, ಆದರೆ ಆ ಗುಮಾಸ್ತರನ್ನು ನೆನೆದರೆ ಸುಮ್ಮನೆ ಹೂಂ ಎನ್ನುವಂತಿರಲಿಲ್ಲ. ಓಣಿಯವರೆಲ್ಲ ಸೇರಲಿ, ನಾಲ್ಕು ಜನರೆದುರು ಎಲ್ಲವನ್ನೂ ಬರೆಸೋಣ ಎಂದು ಚೀಲ ಹಿಡಿದು ಇಳಿದದ್ದು. ರಾಯರಿಗೆ ಮಾತ್ರ ಏನೂ ಗೊತ್ತಿರಲಿಲ್ಲ. ಆ ಎರಡು ಅಂಗಿ ಅಪ್ಪಟ ಪ್ರಾಮಾಣಿಕ.

ಅಂದರೆ ಇಷ್ಟು ವರ್ಷ ನಾನು ಕಂಡದ್ದು ಎಂದು ಎದೆ ತಟ್ಟಿ ಹೇಳಿಕೊಂಡು ಬಂದದ್ದರಲ್ಲಿ ಮುಖ್ಯವಾದದ್ದೇ ನನಗೆ ಕಂಡಿರಲಿಲ್ಲ. ಯಾಕೆ ಮೊದಲೇ ಹೇಳಲಿಲ್ಲ ಎಂದೆ. ನೀನು ಅಷ್ಟು ಖುಷಿಯಿಂದ ಹೇಳುತ್ತಿದ್ದೆಯಲ್ಲ, ಕೆಡಿಸಲು ಮನಸ್ಸಾಗಲಿಲ್ಲ ಎಂದ. ಕವಿಯೂ ರಾಜತಾಂತ್ರಿಕನೂ ಒಂದೇ ದೇಹದಲ್ಲಿದ್ದರೆ ಸತ್ಯ ಹೊರಬರಲು ಇಷ್ಟು ತಡವಾಗುತ್ತದೆ. ಬರೆದದ್ದನ್ನು ತಿದ್ದಲು ಪೆನ್ನು ತೆಗೆದುಕೊಂಡೆ. ಒಂದು ಅನುಮಾನ ಉಳಿದಿತ್ತು.

“ಹಾಗಾದ್ರೆ ಆ ನಿರಾಶೆ? ಅವರ ಮುಖ ನಾನೇ ನೋಡಿದ್ದೇನೆ, ಶ್ರೀಧರ. ಅದೂ ನಾಟಕವಾ?”

“ಅದಾ? ಅದು ನಿಜ ಮಾರಾಯ,” ಎಂದ. “ಬಂದವರು ಹೇಗೂ ಬಂದಿದ್ದಾರೆ, ಒಂದು ವೇಳೆ ಕರ್ಕೊಂಡು ಹೋದ್ರೂ ಹೋಗ್ಬಹುದು ಅಂತ ಅಮ್ಮನಿಗೆ ಸ್ವಲ್ಪ ಆಸೆ ಇತ್ತಂತೆ.”

ಏನನ್ನೂ ತಿದ್ದದೆ ಪೆನ್ನು ಕೆಳಗಿಟ್ಟೆ.